ಬೇಸರವೋ ಖಿನ್ನತೆಯೋ: ಎರಡು ವಾರದ ಲೆಕ್ಕ ಇಟ್ಟು ತಿಳಿಯುವ ಬಗೆ

ನಮ್ಮ ಅಜ್ಜ ತೀರಿಕೊಂಡಾಗ ಮನೆಯವರೆಲ್ಲರ ಕಣ್ಣು ಅಜ್ಜಿಯ ಮೇಲಿತ್ತು. ಅರ್ಧ ಶತಮಾನ ಒಟ್ಟಿಗೆ ಬಾಳಿದವರು, ಹೇಗೆ ತಡೆದುಕೊಳ್ಳುತ್ತಾರೋ ಎಂದು. ಅಜ್ಜಿ ಅತ್ತರು. ಬಂದವರನ್ನು ತಬ್ಬಿಕೊಂಡು, ಅಜ್ಜನ ಗುಣವನ್ನೆಲ್ಲ ಹಾಡಿಕೊಂಡು ಅತ್ತರು. ತಿಥಿ ಮುಗಿದ ಮೇಲೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ಗಂಟಲು ಕಟ್ಟುತ್ತಿತ್ತು. ಆದರೆ ಅದೇ ಅಜ್ಜಿ ಮರಿಮಗಳು ತಪ್ಪುಹೆಜ್ಜೆ ಇಟ್ಟು ಕುಕ್ಕರಿಸಿದರೆ ನಗುತ್ತಿದ್ದರು, ಸಾರಿಗೆ ಉಪ್ಪು ಸಾಲದು ಎಂದು ಸೊಸೆಯಂದಿರಿಗೆ ಹೇಳುತ್ತಿದ್ದರು, ಅಜ್ಜ ಒಂದೇ ಬೀಡಿಯನ್ನು ಆರಿಸಿಟ್ಟು ಮೂರು ಸಲ ಸೇದುತ್ತಿದ್ದ ಕಥೆ ಹೇಳಿ ನಕ್ಕು, ನಗುತ್ತಲೇ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಚಿಕ್ಕಪ್ಪನ ಮೇಲೆ ಯಾರ ಕಣ್ಣೂ ಇರಲಿಲ್ಲ. ಹನ್ನೊಂದನೇ ದಿನದ ಅಡುಗೆಯಿಂದ ಹಿಡಿದು ಖಾತೆ ಬದಲಾವಣೆಯ ಅರ್ಜಿಯವರೆಗೆ ಎಲ್ಲವನ್ನೂ ನಿಂತು ಮಾಡಿಸಿದವರು ಅವರೇ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಗಟ್ಟಿ ಮನುಷ್ಯ ಎಂದು ಊರು ಹೊಗಳಿತು. ಮೂರು ತಿಂಗಳಿಗೆ ಅವರಿಗೆ 'ಗ್ಯಾಸ್ಟ್ರಿಕ್' ಶುರುವಾಯಿತು. ಎದೆ ಉರಿ, ತಲೆ ಭಾರ, ಕೈಕಾಲಲ್ಲಿ ಶಕ್ತಿಯೇ ಇಲ್ಲ. ಎಂಡೋಸ್ಕೋಪಿ ಆಯಿತು, ಇಸಿಜಿ ಆಯಿತು, ಎಲ್ಲ ನಾರ್ಮಲ್. ದಿನಾ ಬೆಳಗ್ಗೆ ಆರಕ್ಕೆ ತೆಂಗಿನ ತೋಟಕ್ಕೆ ಹೋಗುತ್ತಿದ್ದವರು ಜಗುಲಿ ಬಿಟ್ಟು ಏಳದಾದರು. ಅಟ್ಟದ ಮೇಲಿನ ಕೊಬ್ಬರಿಗೆ ಒಳ್ಳೆ ರೇಟು ಬಂದಿದೆ ಎಂದು ಯಾರೋ ಬಂದು ಹೇಳಿದರೆ, ಪಕ್ಕದೂರಿನ ಸುದ್ದಿ ಕೇಳಿದ ಹಾಗೆ ಕೂತಿದ್ದರು. ನಾನು ಊರಿಗೆ ಹೋದಾಗ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಯಾಕೋ ಏನೂ ಬ್ಯಾಡ ಅನ್ನಿಸ್ತದೆ ಕಣಮ್ಮ."

ಒಂದೇ ಮನೆ, ಒಂದೇ ಸಾವು. ಅಜ್ಜಿಯದು ದುಃಖ, ಚಿಕ್ಕಪ್ಪನದು ಖಿನ್ನತೆ. ಅದು ನಮಗೆ ತಿಳಿದದ್ದು ಅಜ್ಜ ಹೋದ ಎಂಟನೇ ತಿಂಗಳಿಗೆ. ಅಲ್ಲಿಯವರೆಗೆ ನಾವೆಲ್ಲ ಅಳುವವರನ್ನು ಸಮಾಧಾನ ಮಾಡುತ್ತಿದ್ದೆವು, ಮುಳುಗುತ್ತಿದ್ದವರಿಗೆ ಗ್ಯಾಸ್ ಮಾತ್ರೆ ಕೊಡುತ್ತಿದ್ದೆವು. ನಾನು ವೈದ್ಯೆಯಲ್ಲ, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಆದರೆ ಅವರ ಹತ್ತಿರ ಹೋಗುವ ಹೊತ್ತಾಯಿತೇ, ಹೋದರೆ ಏನು ಹೇಳಬೇಕು ಎಂಬಷ್ಟನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಹೇಗೆಂದು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: 'ಯಾಕೆ' ಎಂಬ ಪ್ರಶ್ನೆಯನ್ನು ಬದಿಗಿಡಿ

ಮನಸ್ಸು ಮಂಕಾಗಿರುವವರನ್ನು ಕಂಡರೆ ನಾವು ಕೇಳುವ ಮೊದಲ ಪ್ರಶ್ನೆಯೇ ಯಾಕೆ ಎಂಬುದು. ದಾರಿ ತಪ್ಪುವುದೂ ಅಲ್ಲಿಯೇ. ಕಾರಣ ಸಿಕ್ಕಿದರೆ 'ಅಪ್ಪ ಹೋಗಿದ್ದಾರಲ್ಲ, ಇರುತ್ತೆ ಬಿಡಿ' ಎಂದು ಸುಮ್ಮನಾಗುತ್ತೇವೆ. ಕಾರಣ ಸಿಗದಿದ್ದರೆ 'ನಿನಗೇನು ಕಮ್ಮಿಯಾಗಿದೆ, ಮನೆ ಇದೆ, ಮಕ್ಕಳಿದ್ದಾರೆ' ಎಂದು ಗದರುತ್ತೇವೆ. ಎರಡೂ ಕಡೆ ಕಾಯಿಲೆ ನಮ್ಮ ಕಣ್ಣು ತಪ್ಪಿಸುತ್ತದೆ.

ಸಾವು, ಸಾಲ, ಮುರಿದ ಮದುವೆ, ಕೈತಪ್ಪಿದ ಕೆಲಸ ಇವೆಲ್ಲ ದುಃಖ ತರುತ್ತವೆ, ಖಿನ್ನತೆಯನ್ನೂ ತರಬಲ್ಲವು. ಕಾಲು ಜಾರಿ ಬಿದ್ದು ಮೂಳೆ ಮುರಿದರೆ, ಬಿದ್ದದ್ದಕ್ಕೆ ಕಾರಣ ಗೊತ್ತಿದೆ ಎಂದು ಕಟ್ಟು ಹಾಕಿಸದೆ ಬಿಡುತ್ತೇವೆಯೇ? ಇನ್ನು ಯಾವ ಕಾರಣವೂ ಇಲ್ಲದೆ ಬರುವ ಖಿನ್ನತೆಯೂ ಉಂಟು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಹಿರಂಗವಾಗಿ ಮಾತಾಡಿದರು. ಅದು ಶುರುವಾದ ಕಾಲಕ್ಕೆ ಅವರ ಸಿನಿಮಾಗಳೆಲ್ಲ ಗೆಲ್ಲುತ್ತಿದ್ದವು, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಮಗಳ ಅಳುವಿನಲ್ಲಿ ಏನೋ ಬೇರೆಯದಿದೆ ಎಂದು ಗುರುತಿಸಿ ವೈದ್ಯರ ಕಡೆಗೆ ಕಳಿಸಿದವರು ಅವರ ತಾಯಿ.

ಖಿನ್ನತೆ ಯಾಕೆ ಬರುತ್ತದೆ ಎಂಬುದಕ್ಕೆ ಒಂದೇ ಸಾಲಿನ ಉತ್ತರವಿಲ್ಲ. ಮನೆತನದಲ್ಲಿ ಇದ್ದರೆ ಸಂಭವ ಹೆಚ್ಚು. ಮಿದುಳಿನ ರಾಸಾಯನಿಕಗಳು, ಬಾಲ್ಯದ ಪೆಟ್ಟುಗಳು, ಬಹುಕಾಲದ ಒತ್ತಡ, ಮೈಯ ಬೇರೆ ಕಾಯಿಲೆಗಳು ಎಲ್ಲ ಸೇರಿಕೊಳ್ಳುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಕಾಣುತ್ತದೆ. ಮನೆಯವರು ಈ ಗಂಟನ್ನು ಬಿಡಿಸುತ್ತಾ ಕೂರಬೇಕಿಲ್ಲ. ಎಷ್ಟು ದಿನದಿಂದ, ಎಷ್ಟು ಹೊತ್ತು, ಏನೇನು ನಿಂತುಹೋಗಿದೆ ಎಂದು ಕೇಳಿದರೆ ಸಾಕು.

ಎರಡನೇ ಹೆಜ್ಜೆ: ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರ

ವೈದ್ಯರು ಖಿನ್ನತೆಯನ್ನು ಅಳೆಯುವಾಗ ನೋಡುವ ಕನಿಷ್ಠ ಅವಧಿ ಎರಡು ವಾರ. ಆ ಎರಡು ವಾರದಲ್ಲಿ ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಯಾವುದರಲ್ಲೂ ರುಚಿ ಇಲ್ಲದಂತಾಗಿರಬೇಕು. ಈ ಎರಡರಲ್ಲಿ ಒಂದಾದರೂ ಇದ್ದು, ಜೊತೆಗೆ ನಿದ್ದೆ, ಹಸಿವು, ಸುಸ್ತು ಮುಂತಾದವೂ ಸೇರಿ ಒಟ್ಟು ಐದು ಲಕ್ಷಣ ಕಂಡರೆ ಅದನ್ನು ಖಿನ್ನತೆ ಎನ್ನುತ್ತಾರೆ. ನಿನ್ನೆ ಮೊನ್ನೆ ಮ್ಯಾಚ್ ಸೋತದ್ದಕ್ಕೆ 'ಡಿಪ್ರೆಷನ್‌ಗೆ ಹೋಗ್ಬಿಟ್ಟೆ' ಎನ್ನುವುದು ಬರೀ ಬಾಯಿಮಾತು.

ಆದ್ದರಿಂದ ಮೊದಲು ಲೆಕ್ಕ ಇಡಿ. ಹೊಸ ಪುಸ್ತಕವೇನೂ ಬೇಡ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ದಿನದ ಚೌಕದೊಳಗೆ ನಾಲ್ಕು ಗುರುತು. ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತಿಗೆ ಎಚ್ಚರವಾಯಿತು. ಎಷ್ಟು ಹೊತ್ತಿನ ಊಟ ಬಿಟ್ಟಿತು. ಸ್ನಾನ, ಕೆಲಸ, ತರಗತಿ ಇಂಥ ಮಾಡಲೇಬೇಕಾದದ್ದು ಆಯಿತೇ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟದ ಕೆಲಸ ಒಂದಾದರೂ ನಡೆಯಿತೇ. ನಡೆದರೆ ಅದರಲ್ಲಿ ಖುಷಿ ಇತ್ತೇ. ನಿಮ್ಮದೇ ಲೆಕ್ಕವಾದರೆ ನೀವು ಬರೆಯಿರಿ. ಮನೆಯವರದಾದರೆ ಅವರಿಗೆ ಹೇಳಿಯೇ ಬರೆಯಿರಿ, ಕದ್ದು ನೋಡುತ್ತಿದ್ದಾರೆ ಎನ್ನಿಸಬಾರದು.

ಈ ಲೆಕ್ಕ ಯಾಕೆ ಬೇಕೆಂದರೆ, ಖಿನ್ನತೆಯಲ್ಲಿರುವವರ ನೆನಪು ಅವರಿಗೇ ಮೋಸ ಮಾಡುತ್ತದೆ. 'ಯಾವತ್ತೂ ಹೀಗೇ ಇದ್ದೆ, ಇನ್ನು ಮುಂದೆಯೂ ಹೀಗೇ' ಎನ್ನಿಸುತ್ತದೆ. ನೋಡುವವರ ನೆನಪು ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ: ಹಬ್ಬದ ದಿನ ಒಂದು ಸಲ ನಕ್ಕದ್ದು ಮನಸ್ಸಿನಲ್ಲಿ ನಿಲ್ಲುತ್ತದೆ, ಉಳಿದ ಹದಿಮೂರು ದಿನ ಮರೆತುಹೋಗುತ್ತದೆ. ಆದರೆ ಪ್ರಾಣಕ್ಕೆ ಅಪಾಯ ಎನ್ನಿಸುವ ಸೂಚನೆ ಇದ್ದರೆ ಎರಡು ವಾರ ಕಾಯಬೇಡಿ. ಅದನ್ನು ಮುಂದೆ ಹೇಳುತ್ತೇನೆ.

ಮೂರನೇ ಹೆಜ್ಜೆ: ಅಲೆಯೋ, ಹೂಳೋ ನೋಡಿ

ಎರಡು ವಾರದ ಚೌಕಗಳನ್ನು ಒಟ್ಟಿಗೆ ನೋಡಿದಾಗ ದುಃಖದ ಕ್ಯಾಲೆಂಡರ್ ಏರಿಳಿತವಾಗಿರುತ್ತದೆ. ದುಃಖ ಅಲೆಯ ಹಾಗೆ ಬರುತ್ತದೆ. ಫೋಟೋ ಕಂಡಾಗ, ಹಾಡು ಕೇಳಿದಾಗ, ಅವರು ಕೂರುತ್ತಿದ್ದ ಕುರ್ಚಿ ಖಾಲಿ ಕಂಡಾಗ ಉಕ್ಕುತ್ತದೆ. ನೆಂಟರು ಬಂದಾಗ, ಮಗು ಮೈಮೇಲೆ ಬಿದ್ದಾಗ ಇಳಿಯುತ್ತದೆ. ಖಿನ್ನತೆ ಕೆರೆಯ ಹೂಳಿನ ಹಾಗೆ ಕೂತುಬಿಡುತ್ತದೆ. ಮಗು ಬಂದರೂ ಅಷ್ಟೇ, ಹಬ್ಬ ಬಂದರೂ ಅಷ್ಟೇ. ಎಷ್ಟೋ ಜನರಿಗೆ ಬೆಳಗಿನ ಹೊತ್ತು ತೀರಾ ಭಾರ, ಸಂಜೆಗೆ ತುಸು ಹಗುರ. ನಸುಕಿನಲ್ಲಿ ಎರಡು ಮೂರು ಗಂಟೆಗೇ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ, ಸೂರು ನೋಡುತ್ತಾ ಮಲಗಿರುವುದು ಗಂಭೀರವಾದ ಖಿನ್ನತೆಯ ದೊಡ್ಡ ಗುರುತು. ನಮ್ಮ ಚಿಕ್ಕಮ್ಮ ಇದನ್ನು ತಿಂಗಳುಗಟ್ಟಲೆ ಕಂಡಿದ್ದರು. ವಯಸ್ಸಾಯಿತಲ್ಲ ಎಂದುಕೊಂಡಿದ್ದರು.

ಇನ್ನೊಂದು ವ್ಯತ್ಯಾಸ ತಮ್ಮ ಬಗ್ಗೆ ತಾವು ಆಡಿಕೊಳ್ಳುವ ಮಾತಿನಲ್ಲಿರುತ್ತದೆ. ದುಃಖದಲ್ಲಿರುವವರಿಗೆ ಲೋಕ ಬರಿದಾದಂತೆ ಕಾಣುತ್ತದೆ; ಖಿನ್ನತೆಯಲ್ಲಿರುವವರಿಗೆ ತಾವೇ ಬರಿದಾದಂತೆ ಕಾಣುತ್ತದೆ. ಅಜ್ಜಿ 'ಅವರಿಲ್ಲದೆ ಮನೆ ಬಿಕೋ ಅನ್ನುತ್ತೆ' ಎನ್ನುತ್ತಿದ್ದರು. ಚಿಕ್ಕಪ್ಪ 'ನನ್ನಿಂದ ಯಾರಿಗೇನು ಉಪಯೋಗ' ಎನ್ನುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಅಪ್ಪನಿಗೆ ಎದುರಾಡಿದ್ದನ್ನು ನೆನೆದು, ತಾನೇ ಕೊಂದ ಹಾಗೆ ಕೊರಗುತ್ತಿದ್ದರು. ಇಂಥ ಅಳತೆ ಮೀರಿದ ತಪ್ಪಿತಸ್ಥ ಭಾವ, 'ನಾನು ಎಲ್ಲರಿಗೂ ಹೊರೆ' ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ಬೇಸರದ ಮಾತೆಂದು ಬಿಡಬೇಡಿ.

ಇನ್ನು ಅಳು. ಅಳು ಹೆಚ್ಚಾದರೆ ಖಿನ್ನತೆ ಹೆಚ್ಚು ಎಂದು ನಾವು ಭಾವಿಸಿದ್ದೇವೆ. ಚಿಕ್ಕಪ್ಪನ ಪ್ರಕಾರ ಅಳು ಬಂದಿದ್ದರೆ ಚೆನ್ನಾಗಿತ್ತು. "ಒಳಗೆ ಏನೂ ಆಗ್ತಾನೇ ಇರಲಿಲ್ಲ, ಕಲ್ಲಿಟ್ಟಂಗೆ ಇತ್ತು" ಎಂದು ಅವರು ಆಮೇಲೆ ಹೇಳಿದ್ದು ನನಗೆ ಮರೆಯುವುದಿಲ್ಲ. ಕಣ್ಣೀರಿನ ಲೆಕ್ಕಕ್ಕಿಂತ ರುಚಿಯ ಲೆಕ್ಕ ಇಡಿ. ಊಟದ ರುಚಿ, ಮಾತಿನ ರುಚಿ, ಕೆಲಸದ ರುಚಿ ಒಂದೊಂದಾಗಿ ಹೋಗುತ್ತಿದೆಯೇ?

ಲೆಕ್ಕ ನೋಡಿ ಇದು ದುಃಖವೇ ಎನ್ನಿಸಿದರೆ ಅದಕ್ಕೆ ಮಾತ್ರೆ ಬೇಕಿಲ್ಲ, ಜನ ಬೇಕು. ಅಳಬೇಡಿ ಎಂದು ಬಾಯಿ ಮುಚ್ಚಿಸಬೇಡಿ. ಸತ್ತವರ ಹೆಸರನ್ನು ಎತ್ತದಂತೆ ನೋಡಿಕೊಳ್ಳುವುದು ಒಳ್ಳೆಯದೆಂದು ಕೆಲವರು ನಂಬಿದ್ದಾರೆ. ಹೆಸರೆತ್ತಿ, ಕಥೆ ಹೇಳಿಸಿ. ನಮ್ಮ ಹಿರಿಯರು ಮೂರನೇ ದಿನ, ಹನ್ನೊಂದನೇ ದಿನ, ತಿಂಗಳು, ವರ್ಷ ಎಂದು ಮತ್ತೆ ಮತ್ತೆ ಜನ ಸೇರುವಂತೆ ಮಾಡಿರುವುದರಲ್ಲಿ ದುಃಖದ ನಡೆಯನ್ನು ಬಲ್ಲವರ ತಿಳಿವಳಿಕೆ ಇದೆ ಎಂದು ನನ್ನ ನಂಬಿಕೆ. ಊಟ, ನಿದ್ದೆ, ದಿನಚರಿ ಕಾಪಾಡಿಕೊಳ್ಳಿ. ನಿದ್ದೆಗೆಂದು ಕುಡಿತಕ್ಕೆ ಹೋಗಬೇಡಿ. ಸಾವಿನ ದುಃಖ ಆರು ತಿಂಗಳಿಂದ ಒಂದು ವರ್ಷ ಕಳೆದರೂ ಮೊದಲ ವಾರದಷ್ಟೇ ಹಸಿಯಾಗಿದ್ದು, ಬದುಕು ಅಲ್ಲೇ ನಿಂತುಹೋಗಿದ್ದರೆ ಆಗ ಅದಕ್ಕೂ ಚಿಕಿತ್ಸೆ ಇದೆ. ಅಂಥದ್ದನ್ನು ವೈದ್ಯಶಾಸ್ತ್ರ ಈಗ ಪ್ರತ್ಯೇಕವಾಗಿ ಗುರುತಿಸುತ್ತದೆ.

ನಾಲ್ಕನೇ ಹೆಜ್ಜೆ: ಅದು ಹಾಕುವ ವೇಷ ತಿಳಿದಿರಲಿ

ನಮ್ಮಲ್ಲಿ ಖಿನ್ನತೆ ತನ್ನ ಹೆಸರು ಹೇಳಿಕೊಂಡು ಬರುವುದು ಅಪರೂಪ. ಸುಸ್ತು, ಮೈಕೈ ನೋವು, ತಲೆನೋವು, ಎದೆ ಹಿಡಿದಂತೆ, ಗ್ಯಾಸ್ಟ್ರಿಕ್ ಎಂದು ಬರುತ್ತದೆ. ಇವು ನಾಟಕವಲ್ಲ, ನೋವು ನಿಜವಾಗಿಯೂ ಇರುತ್ತದೆ. ಎಲ್ಲ ಪರೀಕ್ಷೆಯೂ ನಾರ್ಮಲ್ ಬಂದು, ಸುಸ್ತು ಮಾತ್ರ ಹೋಗದಿದ್ದರೆ ನಿದ್ದೆಯನ್ನೂ ರುಚಿಯನ್ನೂ ಕೇಳಬೇಕು.

ಗಂಡಸರಲ್ಲಿ ಸಿಟ್ಟಾಗಿ ಬರುತ್ತದೆ, ಕುಡಿತವಾಗಿ ಬರುತ್ತದೆ. ಶಾಂತವಾಗಿದ್ದವರು ಸಣ್ಣದಕ್ಕೂ ಸಿಡಿಯುತ್ತಾರೆ, ಎಂದೋ ಒಮ್ಮೆ ಕುಡಿಯುತ್ತಿದ್ದವರು ದಿನಾ ಬಾಟಲಿ ತರುತ್ತಾರೆ. ಹದಿಹರೆಯದ ಮಕ್ಕಳಲ್ಲಿ ಬೇಸರಕ್ಕಿಂತ ಸಿಡುಕು ಹೆಚ್ಚು. ಅಂಕ ಇಳಿಯುತ್ತದೆ, ಗೆಳೆಯರು ಕಡಿಮೆಯಾಗುತ್ತಾರೆ, ಕೋಣೆಯ ಬಾಗಿಲು ಮುಚ್ಚುತ್ತದೆ. ವಯಸ್ಸಾದವರಲ್ಲಿ ಮರೆವಿನ ರೂಪ ತಾಳುತ್ತದೆ. ಅರಳುಮರಳು ಎಂದು ಮನೆಯವರು ಕೈಬಿಟ್ಟಿದ್ದ ಹಿರಿಯರು ಖಿನ್ನತೆಗೆ ಚಿಕಿತ್ಸೆ ಪಡೆದು ಮತ್ತೆ ಲೆಕ್ಕಪತ್ರ ನೋಡುವಂತಾಗುವುದುಂಟು.

ಬಾಣಂತಿಯರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ತೂಗಾಡುವುದು ಬಹಳ ಜನರಿಗೆ ಆಗುತ್ತದೆ, ಸುಮಾರು ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಎರಡು ವಾರ ದಾಟಿಯೂ ಮಂಕು ಹೋಗದೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ, 'ನಾನು ಒಳ್ಳೆ ತಾಯಿಯಲ್ಲ' ಎಂದು ಕೊರಗುತ್ತಿದ್ದರೆ ಅದು ಖಿನ್ನತೆ. ಶೀತ ತಗುಲಿದೆ, ದೃಷ್ಟಿ ಆಗಿದೆ ಎಂದು ತಿಂಗಳು ಕಳೆಯಬೇಡಿ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಬೇರೆಯೇ: ನಿದ್ದೆಯೇ ಇಲ್ಲದಿರುವುದು, ಯಾರದೋ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ, ತಲೆಬುಡವಿಲ್ಲದ ಮಾತು. ಇದು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು.

ಐದನೇ ಹೆಜ್ಜೆ: ಒಂಬತ್ತು ಪ್ರಶ್ನೆ

ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಒಂದು ಹಾಳೆಯ ಪ್ರಶ್ನಾವಳಿ ಇದೆ. ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಕಳೆದ ಎರಡು ವಾರದಲ್ಲಿ ಯಾವುದು ಎಷ್ಟು ದಿನ ಕಾಡಿತು ಎಂದು ಅದು ಕೇಳುತ್ತದೆ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆ ಬಾರದಿರುವುದು ಅಥವಾ ಅತಿಯಾಗುವುದು, ಸುಸ್ತು, ಹಸಿವಿಲ್ಲದಿರುವುದು ಅಥವಾ ಅತಿಯಾಗಿ ತಿನ್ನುವುದು, ತನ್ನ ಬಗ್ಗೆ ಕೀಳಾಗಿ ಅನ್ನಿಸುವುದು, ಪೇಪರ್ ಓದಲೂ ಗಮನ ನಿಲ್ಲದಿರುವುದು, ಬೇರೆಯವರಿಗೆ ಕಾಣುವಷ್ಟು ನಿಧಾನವಾಗುವುದು ಅಥವಾ ಚಡಪಡಿಸುವುದು, ಸತ್ತರೆ ವಾಸಿ ಎಂಬ ಇಲ್ಲವೇ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಇವೇ ಆ ಒಂಬತ್ತು.

ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನಾ ಎಂದರೆ 3. ಒಟ್ಟು 27ಕ್ಕೆ ಲೆಕ್ಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ಅರ್ಥ. 5ರಿಂದ 9ರೊಳಗೆ ಇದ್ದರೆ ಇನ್ನೆರಡು ವಾರ ಕ್ಯಾಲೆಂಡರ್ ಮುಂದುವರಿಸಿ ಮತ್ತೆ ಕೇಳಿಕೊಳ್ಳಿ. ಜ್ವರದ ಥರ್ಮಾಮೀಟರ್ ಹೇಗೋ ಹಾಗೆ ಇದು: ಜ್ವರ ಇದೆ ಎನ್ನುತ್ತದೆ, ಯಾವ ಜ್ವರ ಎನ್ನುವುದಿಲ್ಲ. ಒಂಬತ್ತನೆಯ ಪ್ರಶ್ನೆಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ. ಅಲ್ಲಿ 1 ಬಂದರೂ, ಒಟ್ಟು ಎಷ್ಟೇ ಇರಲಿ, ಅವತ್ತೇ ಯಾರೊಂದಿಗಾದರೂ ಮಾತಾಡಬೇಕು.

ಆರನೇ ಹೆಜ್ಜೆ: ಸಾವಿನ ಮಾತನ್ನು ನೇರವಾಗಿ ಕೇಳಿ

ಇದನ್ನು ಕೇಳಲು ನಾಲಿಗೆ ಏಳುವುದಿಲ್ಲ, ನನಗೆ ಗೊತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಎಂದು ಹೆದರುತ್ತೇವೆ. ಹಾಗಾಗುವುದಿಲ್ಲ. ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಎಂದು ಎದೆ ಹಗುರವಾಗುತ್ತದೆ. ಎಲ್ಲರ ಮುಂದೆ ಬೇಡ, ಇಬ್ಬರೇ ಇದ್ದಾಗ, ಅವಸರವಿಲ್ಲದೆ, "ಬದುಕೋದೇ ಬೇಡ ಅಂತ ಯಾವಾಗಾದರೂ ಅನ್ನಿಸಿದೆಯಾ?" ಎಂದು ಕೇಳಿ. ಹೌದು ಎಂದರೆ ಬೈಯಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಿಕೊಳ್ಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಹೇಗೆ, ಯಾವಾಗ ಎಂದೆಲ್ಲ ಯೋಚಿಸಿದ್ದಾರೆಯೇ ಎಂದು ತಿಳಿದುಕೊಳ್ಳಿ. ಯೋಜನೆ ಇದ್ದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಬೇಕಾದರೆ 112 ಅಥವಾ 108ಕ್ಕೆ ಕರೆ ಮಾಡಿ.

ಹಳ್ಳಿಮನೆಗಳಿಗೆ ಒಂದು ಮಾತು. ತೋಟದ ಔಷಧಿ ಡಬ್ಬಗಳು ಮನೆಯೊಳಗೆ ಇರದಂತೆ ನೋಡಿಕೊಳ್ಳಿ. ನೆಂಟರ ಮನೆಯಲ್ಲೋ ಬೀಗ ಹಾಕಿದ ಕೊಠಡಿಯಲ್ಲೋ ಇರಲಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಮನೆಯ ಮಾತ್ರೆಗಳಿಗೂ ಇದೇ ಎಚ್ಚರ. ಸಾಯುವ ತೀವ್ರ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಸಾಯಲು ಯತ್ನಿಸಿದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಾಗಿ ಜೈಲಾಗುತ್ತದೆ ಎಂಬ ಭಯ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಕೇಸಿನ ಭಯಕ್ಕೆ ಒಂದು ನಿಮಿಷವೂ ತಡ ಮಾಡಬೇಡಿ.

ಯಾರಿಗೆ ಹೇಳುವುದೆಂದು ತೋಚದಿದ್ದರೆ 14416. ಇದು ಟೆಲಿ ಮನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ನಸುಕಿನ ಮೂರು ಗಂಟೆಗೆ ಒಬ್ಬರೇ ಎಚ್ಚರವಾಗಿ ಕೂತಿರುವವರು ನೀವಾದರೆ, ಈ ನಂಬರು ಆ ಹೊತ್ತಿಗೆಂದೇ ಇದೆ. ಮನೆಯವರೂ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.

ಏಳನೇ ಹೆಜ್ಜೆ: ವೈದ್ಯರ ಮುಂದೆ ಏನು ಹೇಳಬೇಕು

'ಮನೋವೈದ್ಯರು' ಎಂದ ಕೂಡಲೇ ಚಿಕ್ಕಪ್ಪ "ನನಗೇನು ಹುಚ್ಚಾ?" ಎಂದು ಎದ್ದುಹೋದರು. ಆಮೇಲೆ ನಾವು ನಿದ್ದೆಯ ದಾರಿ ಹಿಡಿದೆವು. "ನಿದ್ದೆ ಇಲ್ಲವಲ್ಲ, ಅದೊಂದನ್ನು ತೋರಿಸೋಣ ಬನ್ನಿ" ಎಂದರೆ ಒಪ್ಪಿದರು. ಇದರಲ್ಲಿ ಸುಳ್ಳೇನೂ ಇಲ್ಲ. ಮೊದಲು ನಿಮ್ಮ ಪರಿಚಯದ ಡಾಕ್ಟರ ಹತ್ತಿರವೇ ಹೋದರೂ ಆಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ. ಆರೋಗ್ಯ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ: ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ.

ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ. 'ಬೇಜಾರು' ಎಂದರೆ ವೈದ್ಯರಿಗೆ ಹೆಚ್ಚೇನೂ ತಿಳಿಯದು. 'ಆರು ವಾರದಿಂದ ಮೂರು ಗಂಟೆಗೆ ಎಚ್ಚರ, ಒಂದು ಹೊತ್ತು ಊಟ, ಹತ್ತು ದಿನದಿಂದ ಕೆಲಸಕ್ಕೆ ಹೋಗಿಲ್ಲ' ಎಂದರೆ ಎಲ್ಲ ತಿಳಿಯುತ್ತದೆ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆ ಇದ್ದರೆ ಖಿನ್ನತೆಯಂಥದೇ ಮಂಕು ಕವಿಯುತ್ತದೆ, ಆದ್ದರಿಂದ ರಕ್ತಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಇನ್ನೊಂದು ವಿಷಯ ಮರೆಯದೆ ಹೇಳಿ: ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದಿದ್ದರೂ ದಣಿಯದೆ, ಅತಿಯಾಗಿ ಮಾತಾಡಿ, ಕೈಗೆ ಬಂದಂತೆ ದುಡ್ಡು ಚೆಲ್ಲಿದ ದಿನಗಳಿದ್ದವೇ? ಇದ್ದರೆ ಅದು ಬೈಪೋಲಾರ್ ಎಂಬ ಬೇರೆ ಕಾಯಿಲೆಯಾಗಿರಬಹುದು, ಅದರ ಔಷಧಿಯೂ ಬೇರೆ. ಈ ಮಾತು ಮುಚ್ಚಿಟ್ಟರೆ ಕೊಟ್ಟ ಮಾತ್ರೆಯೇ ತೊಂದರೆ ಕೊಡಬಹುದು.

ಕರೆಂಟ್ ಕೊಡುತ್ತಾರೆ ಎಂಬ ಹೆದರಿಕೆ ನಮ್ಮ ಅಜ್ಜಿಗೂ ಇತ್ತು. ಸಾಮಾನ್ಯ ಖಿನ್ನತೆಗೆ ಅದರ ಮಾತೇ ಬರುವುದಿಲ್ಲ. ಊಟ ನೀರು ಬಿಟ್ಟವರಿಗೆ, ಜೀವಕ್ಕೆ ಅಪಾಯವಿರುವವರಿಗೆ, ಔಷಧಿಗೆ ಬಗ್ಗದ ತೀವ್ರ ಖಿನ್ನತೆಗೆ ಅದನ್ನು ಬಳಸುತ್ತಾರೆ. ಅದೂ ಅರಿವಳಿಕೆ ಕೊಟ್ಟ ಮೇಲೆಯೇ. ಅರಿವಳಿಕೆ ಇಲ್ಲದೆ ಕೊಡುವುದನ್ನು ಕಾನೂನು ನಿಷೇಧಿಸಿದೆ.

ಎಂಟನೇ ಹೆಜ್ಜೆ: ಮಾತ್ರೆ, ಮಾತು, ಮತ್ತು ಗೇಟಿನವರೆಗೆ ನಡೆಯುವುದು

ಸೌಮ್ಯವಾದ ಖಿನ್ನತೆಗೆ ಎಷ್ಟೋ ಸಲ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಮಾತ್ರೆ ಬರೆಯುತ್ತಾರೆ. ಮಾತ್ರೆಯ ವಿಷಯದಲ್ಲಿ ಜನ ಸೋಲುವುದು ಮೊದಲ ಎರಡು ವಾರದಲ್ಲಿ. ವಾಕರಿಕೆ, ತಲೆನೋವು, ನಿದ್ದೆಯ ಏರುಪೇರು ಮೊದಲೇ ಬರುತ್ತವೆ, ಗುಣ ಆಮೇಲೆ ಬರುತ್ತದೆ. ಪೂರ್ತಿ ಗುಣ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಇಪ್ಪತ್ತೈದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಾಗುತ್ತದೆಯೇ ಎಂದು ಕಣ್ಣಿಟ್ಟಿರಬೇಕು. ಹಾಗೇನಾದರೂ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುವುದರಿಂದ ಹಾಗೆ ಅನ್ನಿಸುತ್ತದೆ. ಚಟ ಹಿಡಿಸುವುದು ಅಲ್ಪ್ರಾಜೋಲಮ್‌ನಂಥ ನಿದ್ದೆ ಮಾತ್ರೆ. ಅದನ್ನು ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತಂದು ನುಂಗಬೇಡಿ.

ಮನೆಯವರು ಮಾಡಬಹುದಾದದ್ದು ಬಹಳ ಸಣ್ಣದು, ಆದರೆ ದಿನವೂ ಮಾಡಬೇಕಾದದ್ದು. 'ಮನಸ್ಸು ಗಟ್ಟಿ ಮಾಡ್ಕೊ', 'ನಿನಗಿಂತ ಕಷ್ಟದಲ್ಲಿರೋರನ್ನ ನೋಡು' ಎಂಬ ಮಾತುಗಳನ್ನು ಬಿಟ್ಟುಬಿಡಿ. ಗಟ್ಟಿ ಮಾಡಿಕೊಳ್ಳಬೇಕಾದ ಮನಸ್ಸಿಗೇ ಪೆಟ್ಟಾಗಿದೆ. ದೇವರಿಗೆ ಹರಕೆ ಹೊತ್ತುಕೊಳ್ಳುವುದಾದರೆ ಹೊತ್ತುಕೊಳ್ಳಿ, ಅದಕ್ಕಾಗಿ ಡಾಕ್ಟರ ದಿನವನ್ನು ತಪ್ಪಿಸಬೇಡಿ. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯುವವರಿಗೆ ಉತ್ಸಾಹ ಬರುವುದೇ ಇಲ್ಲ. ಸಣ್ಣ ಕೆಲಸ ಮೊದಲು, ಉತ್ಸಾಹ ಅದರ ಹಿಂದೆ. ಚಿಕ್ಕಪ್ಪನಿಗೆ ಆಪ್ತಸಮಾಲೋಚಕರು ಹೇಳಿದ್ದು ತೋಟಕ್ಕೆ ಹೋಗಿ ಎಂದಲ್ಲ, ತೋಟದ ಗೇಟು ಮುಟ್ಟಿ ಬನ್ನಿ ಎಂದು. ಮೊದಲ ವಾರ ಚಿಕ್ಕಮ್ಮ ಜೊತೆಗೆ ಹೋಗಿ ಬಂದರು. ಎರಡನೇ ವಾರ ಗೇಟಿನೊಳಗೆ ಹತ್ತು ಮರದವರೆಗೆ. ಐದನೇ ವಾರದ ಒಂದು ಮಧ್ಯಾಹ್ನ ಜಗುಲಿಯಿಂದ "ಲೇ, ಸಾರಿಗೆ ಉಪ್ಪು ಹಾಕಿಲ್ವೇನೇ?" ಎಂದು ಕೂಗಿದರಂತೆ. ಚಿಕ್ಕಮ್ಮ ಒಲೆ ಮುಂದೆ ನಿಂತು ಅತ್ತುಬಿಟ್ಟರು.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು 20 ಜನರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿದ್ದು ಕಂಡುಬಂತು. ಹಾಗೆ ಬಳಲುತ್ತಿದ್ದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಷ್ಟು ಜನ ಗ್ಯಾಸ್ ಮಾತ್ರೆ ನುಂಗುತ್ತಾ ಯಾವ ಯಾವ ಜಗುಲಿಯ ಮೇಲೆ ಕೂತಿದ್ದಾರೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಆದ್ದರಿಂದ ಗುಣವಾದ ಮೇಲೆ ಮನೆಯವರೆಲ್ಲ ಕೂತು, ಹಿಂದಿನ ಸಲ ಮೊದಲು ಏನು ಕೆಟ್ಟಿತು ಎಂದು ನೆನಪು ಮಾಡಿಕೊಂಡು ಬರೆದಿಡಿ. ಒಬ್ಬರಿಗೆ ಅದು ನಿದ್ದೆ, ಇನ್ನೊಬ್ಬರಿಗೆ ಫೋನ್ ಎತ್ತದಿರುವುದು. ಚಿಕ್ಕಪ್ಪನದು ನಸುಕಿನ ಎಚ್ಚರ, ಆಮೇಲೆ ತೋಟ. ಚಿಕ್ಕಮ್ಮ ಈಗಲೂ ಬೆಳಗ್ಗೆ ಎದ್ದು ಬಾಗಿಲ ಬಳಿ ಚಪ್ಪಲಿ ಇದೆಯೇ ಎಂದು ನೋಡುತ್ತಾರೆ.

ಅಜ್ಜನ ವರ್ಷದ ತಿಥಿಯ ದಿನ ನನಗೆ ಬರಲಾಗಿರಲಿಲ್ಲ. ಸಂಜೆ ಚಿಕ್ಕಮ್ಮನ ಫೋನು ಬಂತು, ದನಿ ನಡುಗುತ್ತಿತ್ತು. ಎಡೆ ಇಟ್ಟು ಕೈ ಮುಗಿಯುವಾಗ ಚಿಕ್ಕಪ್ಪ ಇದ್ದಕ್ಕಿದ್ದಂತೆ ಅಪ್ಪಾ ಎಂದು ಬಿಕ್ಕಿ ಬಿಕ್ಕಿ ಅತ್ತರಂತೆ, ಅಜ್ಜಿಯೇ ತಬ್ಬಿ ಸಮಾಧಾನ ಮಾಡಬೇಕಾಯಿತಂತೆ. "ಮತ್ತೆ ಶುರುವಾಯ್ತೇನೋ ಅಂತ ಎದೆ ಹೊಡ್ಕೊಳ್ತಾ ಐತೆ ಕಣೇ." ಆಮೇಲೆ ಊಟ ಮಾಡಿದರಾ ಎಂದು ಕೇಳಿದೆ.

"ಹೂಂ, ಎರಡು ಸಲ ಪಾಯಸ ಹಾಕಿಸ್ಕೊಂಡ್ರು."

"ಈಗೆಲ್ಲಿದ್ದಾರೆ?"

"ತೋಟಕ್ಕೆ ಹೋದ್ರು."